ಆಹಾರದಾನವೂ ಹೊಲದ ಕಾಯಿಪಲ್ಯವೂ



ಆಹಾರ, ಅಭಯ, ಔಷಧ, ಶಾಸ್ತ್ರಗಳೆಂಬ ಚತುರ್ವಿಧ ದಾನಗಳಲ್ಲಿ ಆಹಾರದಾನದ ಸ್ಥಾನ ಹಿರಿದು. 11ನೆಯ ಶತಮಾನದಲ್ಲಿಯೇ ಬಲದೇವ ಜಿನಾಲಯವನ್ನು ಕಂಡ ಸೊರಟೂರಿಗೆ ಈ ಮಾತು ಹೊಸದಲ್ಲ. 1007ರಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಬಸದಿ ಕಟ್ಟಿಸಿದ ಲಕ್ಕುಂಡಿಯೂ ಇದೇ ಸೀಮೆಯದು. ಈ ನಾಡಿನ ಬಸದಿಗಳ ಶಾಸನಗಳಲ್ಲಿ ಪೂಜೆಯೊಂದಿಗೆ ಋಷಿಗಳ ಆಹಾರದಾನಕ್ಕೂ ಭೂಮಿ ಬಿಟ್ಟ ಉಲ್ಲೇಖಗಳು ಅನೇಕ. ಬೆಳೆಯು ಉಣ್ಣುವವರಿಗೆ ತಲುಪುವ ದಾರಿಯನ್ನು ದಾನಿಗಳೇ ಗೊತ್ತುಮಾಡಿದ್ದರು.

ಇಂದು ಹಸಿವಿನ ರೂಪ ಬೇರೆ. 2013ರಲ್ಲಿ ಆರಂಭವಾದ ಅನ್ನಭಾಗ್ಯ ಯೋಜನೆಯು ಬಡವರ ಮನೆಗೆ ಅಕ್ಕಿ ಮುಟ್ಟಿಸಿತು. ಕಾಯಿಪಲ್ಯಕ್ಕೆ ಮಾತ್ರ ದುಡ್ಡೇ ಬೇಕು. ಅತ್ತ, ದರ ಬಿದ್ದಾಗ ರೈತನು ಟೊಮ್ಯಾಟೊ ಬುಟ್ಟಿಯನ್ನು ರಸ್ತೆಗೆ ಸುರಿಯುತ್ತಾನೆ. 2020ರ ಲಾಕ್‌ಡೌನಿನಲ್ಲಿ ಸಾಗಣೆ ನಿಂತು ಹೊಲದಲ್ಲಿಯೇ ಎಷ್ಟು ಕೊಳೆಯಿತೆಂಬುದನ್ನು ಕರ್ನಾಟಕವೆಲ್ಲ ಕಂಡಿದೆ. ಕೊರತೆ ಬೆಳೆಯದಲ್ಲ, ದಾರಿಯದು.

ಜೋಳವು ಹಗೇವಿನಲ್ಲಿ ತಿಂಗಳುಗಟ್ಟಲೆ ಕಾದೀತು. ಕಿತ್ತ ಮೆಂತೆಪಲ್ಯ ಸಂಜೆಯವರೆಗೂ ಕಾಯದು. ಆದುದರಿಂದ ಇಲ್ಲಿ ದಾನಿಗಿಂತ ಮೊದಲು ಬೇಕಾದುದು ಬೆಳಗಿನ ಒಂದು ಬಂಡಿ. ಕರಾವಳಿಯಲ್ಲಿ ಉತ್ಸವ ಬಂದಾಗ ಹೊರೆಕಾಣಿಕೆಯ ರೂಪದಲ್ಲಿ ಸೌತೆ, ಕುಂಬಳಗಳು ರೈತರ ಮನೆಯಿಂದ ನೇರವಾಗಿ ಅಡುಗೆಮನೆ ಸೇರುತ್ತವೆ. ಆದರೆ ಉತ್ಸವ ನಾಲ್ಕು ದಿನದ್ದು, ಹಸಿವು ನಿತ್ಯದ್ದು. 2002ರಲ್ಲಿ ರಾಜ್ಯದಲ್ಲಿ ಅಕ್ಷರ ದಾಸೋಹ ಆರಂಭವಾದಂದಿನಿಂದ ಶಾಲೆಗಳಲ್ಲಿ ಒಲೆ ಉರಿಯುತ್ತಿದೆ. ಹೀರೇಕಾಯಿ, ಚವಳೀಕಾಯಿಗಳು ಅಲ್ಲಿಗೆ ಸಲ್ಲಲಿ. ಉಳ್ಳಾಗಡ್ಡಿ ಶ್ರಾವಕರ ಅಡುಗೆಗೆ ಸಲ್ಲದು, ನಿಜ. ಕೊಡಲು ಬೇರೆ ಕಾಯಿಗಳಿಗೇನು ಬರ?

ಮಾರಿ ಉಳಿದು ಬಾಡಿದ್ದನ್ನು ದಾನವೆಂದು ಎಣಿಸಬಾರದು. ಮುನಿಗಳ ಆಹಾರಕ್ಕೆ ಎಂಥದನ್ನು ಆಯ್ದು ಶೋಧಿಸುವರೋ ಮಕ್ಕಳ ತಟ್ಟೆಗೂ ಅಂಥದೇ ಹೋಗಲಿ. ಪ್ರತಿಷ್ಠಾಪನೆಯ ಅಡುಗೆಗೆ ಕಾಯಿಪಲ್ಯ ತಂದ ಬಂಡಿಗಳೇ ವಾರಕ್ಕೊಂದು ಸರದಿಯಂತೆ, ಒಲೆ ಹೊತ್ತುವ ಮುನ್ನ, ಶಾಲೆಯ ಬಾಗಿಲಿಗೆ ಹೋಗಬಹುದು.