ಛತ್ರದವನ ಲೆಕ್ಕ

ಲೂಕನ ಸುವಾರ್ತೆಯಲ್ಲಿ ಬರುವ ಸಮಾರ್ಯದವನ ಕಥೆಯನ್ನು ಕ್ರೈಸ್ತರಲ್ಲದವರೂ ಬಲ್ಲರು. ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿದುಹೋಗುತ್ತಿದ್ದ ಒಬ್ಬನನ್ನು ಕಳ್ಳರು ಹೊಡೆದು, ಬಟ್ಟೆ ಸುಲಿದು, ಅರೆಜೀವ ಮಾಡಿ ಬಿಟ್ಟುಹೋದರು. ಆ ದಾರಿಯಲ್ಲಿ ಬಂದ ಯಾಜಕ ಕಂಡೂ ಆಚೆ ಮಗ್ಗುಲಿನಿಂದ ಹೊರಟುಹೋದ. ಲೇವಿಯನೂ ಹಾಗೆಯೇ ಮಾಡಿದ. ಯೆಹೂದ್ಯರು ಹೊರಗಿನವನೆಂದು ದೂರವಿರಿಸಿದ್ದ ಸಮಾರ್ಯದವನೊಬ್ಬ ಮಾತ್ರ ನಿಂತ. ಗಾಯ ಕಟ್ಟಿದ, ತನ್ನ ಪಶುವಿನ ಮೇಲೆ ಕೂರಿಸಿ ಛತ್ರಕ್ಕೆ ಕರೆತಂದ.

ಪ್ರವಚನಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತವೆ. ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುವುದು ಮರುದಿನದ ಸಂಗತಿ. ಸಮಾರ್ಯದವನು ಛತ್ರದವನ ಕೈಗೆ ಎರಡು ದಿನದ ಕೂಲಿಯಷ್ಟು ಹಣವನ್ನಿತ್ತು, ಇವನನ್ನು ನೋಡಿಕೋ, ಹೆಚ್ಚು ಖರ್ಚಾದರೆ ಮರಳಿ ಬರುವಾಗ ಕೊಡುವೆನೆಂದು ಹೇಳಿ ಹೊರಟುಹೋಗುತ್ತಾನೆ. ಅವನು ಬಂದನೆ, ಬಾಕಿ ತೀರಿತೆ? ಕಥೆ ಹೇಳುವುದಿಲ್ಲ. ಗಾಯ ಮಾಯುವವರೆಗೆ ಗಂಜಿ ಕುಡಿಸಿದವನು, ಹಾಸಿಗೆ ಬದಲಿಸಿದವನು ಛತ್ರದವನು. ಅವನ ಹೆಸರಿನಲ್ಲಿ ಯಾರೂ ಉಪದೇಶ ಮಾಡಿದಂತೆ ಕಾಣೆ. ದಾರಿಯಲ್ಲಿ ಹುಟ್ಟುವ ಕನಿಕರ ಒಂದು ಗಳಿಗೆಯದು. ಛತ್ರದ ಕನಿಕರಕ್ಕೆ ನಾಳೆ, ನಾಡಿದ್ದು, ಆಚೆ ನಾಡಿದ್ದು ಎಂಬುವೂ ಉಂಟು.

ಬೆಂಗಳೂರಿನಿಂದ ಮದ್ರಾಸಿಗೆ ಹೋಗುವ ಹಳೆಯ ಹೆದ್ದಾರಿ ಕೋಲಾರ, ಮುಳಬಾಗಿಲುಗಳನ್ನು ಹಾದು ಹೋಗುತ್ತದೆ. ಹೊಳೆಯ ಆಸರೆಯಿಲ್ಲದೆ ಕೆರೆಯನ್ನೇ ನಂಬಿ ಬಾಳಿದ ಸೀಮೆ ಇದು. ಧಾತು, ಈಶ್ವರ ಸಂವತ್ಸರಗಳಲ್ಲಿ, ಎಂದರೆ 1876ರಿಂದ 1878ರವರೆಗೆ, ಮಳೆ ಕೈಕೊಟ್ಟಾಗ ಈ ಹಾದಿಯಲ್ಲಿ ಬಿದ್ದವರು ಒಬ್ಬರಿಬ್ಬರಲ್ಲ. 1871ರಲ್ಲಿ ಸುಮಾರು 50 ಲಕ್ಷ 55 ಸಾವಿರವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಎಣಿಕೆಯಲ್ಲಿ 41 ಲಕ್ಷ 86 ಸಾವಿರಕ್ಕೆ ಇಳಿದಿತ್ತು. ಮಕ್ಕಳು ತಟ್ಟೆಯಲ್ಲಿ ಮುದ್ದೆ ಬಿಟ್ಟರೆ ನಮ್ಮ ಕಡೆಯ ಹಿರಿಯರು ಬಹುಕಾಲ ಈ ಬರದ ಹೆಸರೆತ್ತಿ ಗದರಿಸುತ್ತಿದ್ದರು.

ಆ ಬರದ ಕಥೆಯಲ್ಲಿ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯೊಬ್ಬ ಬರುತ್ತಾನೆ. 1874ರಲ್ಲಿ ಬಿಹಾರದಲ್ಲಿ ಬರ ಬಂದಾಗ ಬರ್ಮಾದಿಂದ ಅಕ್ಕಿ ತರಿಸಿ, ಧಾರಾಳವಾಗಿ ಹಂಚಿ, ಸಾವು ಸುಳಿಯದಂತೆ ನೋಡಿಕೊಂಡವನು ಆತನೇ. ಅದಕ್ಕೆ ಮೇಲಿನವರಿಂದ ಸಿಕ್ಕಿದ್ದು ಹೊಗಳಿಕೆಯಲ್ಲ, ದುಂದುಗಾರನೆಂಬ ಹೆಸರು. 1877ರಲ್ಲಿ ಮದ್ರಾಸಿಗೆ ಬಂದಾಗ ಅದೇ ಮನುಷ್ಯ ಪರಿಹಾರದ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯ, ಮೇಲೊಂದಿಷ್ಟು ಚಿಲ್ಲರೆ ಕಾಸು ಎಂದು ಅಳೆದ. ಒಂದು ಪೌಂಡ್ ಎಂದರೆ ಅರ್ಧ ಕಿಲೋ ಕೂಡ ಇಲ್ಲ. ಅದನ್ನುಂಡು ಕಲ್ಲು ಒಡೆಯಬೇಕು, ಮಣ್ಣು ಹೊರಬೇಕು. ಅವನು ಸ್ವಭಾವದಿಂದ ಕ್ರೂರಿಯೆಂದು ನಾನು ಭಾವಿಸಲಾರೆ. ಒಮ್ಮೆ ಒಳ್ಳೆಯದನ್ನು ಮಾಡಿ ಬೈಸಿಕೊಂಡವನು ಎರಡನೆಯ ಸಲ ಬೈಗುಳಕ್ಕೆ ಅಂಜಿದ ಎಂದೇ ನನಗೆ ತೋರುತ್ತದೆ. ನಮ್ಮ ಕಚೇರಿಗಳಲ್ಲಿಯೂ ಮನೆಗಳಲ್ಲಿಯೂ ಇಂಥವರು ಎಷ್ಟು ಮಂದಿ! ಆಗ ಮದ್ರಾಸಿನ ಆರೋಗ್ಯಾಧಿಕಾರಿಯಾಗಿದ್ದ ಕಾರ್ನಿಷ್ ಮಾತ್ರ, ಈ ಅಳತೆಯಲ್ಲಿ ದುಡಿಯುವ ದೇಹ ಉಳಿಯದೆಂದು ಬರೆದ, ವಾದಿಸಿದ, ಬಿಡಲಿಲ್ಲ. ಆ ವರ್ಷವೇ ಕೂಲಿಯನ್ನು ಕೊಂಚ ಏರಿಸಬೇಕಾಯಿತು. ಧೈರ್ಯವೆಂದಾಗ ನಮಗೆ ಕತ್ತಿ ನೆನಪಾಗುತ್ತದೆ. ಇದು ಕಾಗದ, ಲೇಖನಿಗಳ ಧೈರ್ಯ.

ಅದೇ ಬರದಲ್ಲಿ ಕೋಲಾರದಲ್ಲಿ ಮಿಸ್ ಆನ್‌ಸ್ಟೇ ಎಂಬ ಇಂಗ್ಲಿಷ್ ಮಹಿಳೆ ದಿಕ್ಕಿಲ್ಲದ ಮಕ್ಕಳನ್ನು ಸೇರಿಸಿಕೊಂಡು ಸಾಕತೊಡಗಿದಳು. ಬರ ಮುಗಿಯಿತು, ಮಕ್ಕಳು ಉಳಿದರು. ಅವರಿಗೆ ಅನ್ನ, ಅಕ್ಷರ, ಕಸುಬು, ಮದುವೆ ಎಲ್ಲವೂ ಆಗಬೇಕು. 1890ರಲ್ಲಿ ಆಕೆ ಆ ಹೊಣೆಯನ್ನು ಅಮೆರಿಕದ ಮೆಥಡಿಸ್ಟ್ ಸಭೆಗೆ ಒಪ್ಪಿಸಿದಳು. ಮುಂದೆ ಆ ಸಭೆಯವರೇ 1910ರಲ್ಲಿ ಕೋಲಾರದಲ್ಲಿ ಎಲೆನ್ ಥೋಬರ್ನ್ ಕೋವನ್ ಸ್ಮಾರಕ ಆಸ್ಪತ್ರೆಯನ್ನು ತೆರೆದರು. ಇ.ಟಿ.ಸಿ.ಎಂ. ಎಂದರೆ ಶ್ರೀನಿವಾಸಪುರ, ಮಾಲೂರುಗಳ ಹಳ್ಳಿಯವರಿಗೂ ಗುರುತು.

ಆ ಮಕ್ಕಳು ಕ್ರೈಸ್ತರಾಗಿ ಬೆಳೆದರು. ಈ ಮಾತನ್ನು ಮರೆಮಾಚಿ ಹೊಗಳುವುದು ಪ್ರಾಮಾಣಿಕತೆಯಲ್ಲ. ಹಸಿದ ಕೂಸಿಗೆ ಆಯ್ಕೆ ಎಲ್ಲಿತ್ತು ಎಂದು ಕೇಳುವವರಿದ್ದಾರೆ, ಕೇಳಬೇಕಾದ ಪ್ರಶ್ನೆಯೇ. ಆ ಹೊತ್ತು ಬೇರೆ ಯಾರ ಬಾಗಿಲು ತೆರೆದಿತ್ತು ಎಂಬ ಎದುರು ಪ್ರಶ್ನೆಯೂ ಸುಳ್ಳಲ್ಲ. ಒಂದು ಇನ್ನೊಂದನ್ನು ಅಳಿಸಿಹಾಕುವುದಿಲ್ಲ. ಆದರೆ ಕಥೆಯ ಸಮಾರ್ಯದವನು ಗಾಯಗೊಂಡವನ ಹೆಸರನ್ನಾಗಲಿ ದೇವರನ್ನಾಗಲಿ ಕೇಳಲಿಲ್ಲ; ಅವನನ್ನು ಸಮಾರ್ಯಕ್ಕೆ ಒಯ್ಯಲೂ ಇಲ್ಲ; ಛತ್ರದಲ್ಲಿ ಬಿಟ್ಟ. ಆ ಕಥೆಯನ್ನು ಕೋಲಾರಕ್ಕೆ ತಂದವರನ್ನು ಅಳೆಯುವ ಕೋಲು ಆ ಕಥೆಯಲ್ಲೇ ಇದೆ.

ಬಾಕಿಯನ್ನು ಹೀಗೆ ನಿರ್ವಂಚನೆಯಿಂದ ತೀರಿಸುವ ಗುಣ ಯಾವ ಒಂದು ಮತದ ಸೊತ್ತೂ ಅಲ್ಲ. ಆ ಬರ ಕಳೆದ ಹತ್ತು ವರ್ಷಕ್ಕೆ, 1887ರಲ್ಲಿ, ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ.ಜಿ.ಯವರು 1970ರಲ್ಲಿ ಜನ ಗೌರವದಿಂದ ಅರ್ಪಿಸಿದ ಒಂದು ಲಕ್ಷ ರೂಪಾಯಿಯನ್ನು ಹಾಗೆಯೇ ಗೋಖಲೆ ಸಾರ್ವಜನಿಕ ಸಂಸ್ಥೆಗೆ ಕೊಟ್ಟುಬಿಟ್ಟರು. ಅದು ದೊಡ್ಡವರ ಮಾತಾಯಿತು.

ಕೆಲವು ವರ್ಷಗಳ ಹಿಂದೆ ನಮ್ಮ ಸೀಮೆಯ ಆಸ್ಪತ್ರೆಯೊಂದರಲ್ಲಿ ಬಂಧುವೊಬ್ಬರ ಬಳಿ ನಾಲ್ಕಾರು ರಾತ್ರಿ ಕಳೆದೆ. ಪಕ್ಕದ ಮಂಚದಲ್ಲಿ ಒಬ್ಬ ಮುದುಕಿ. ನೋಡಿಕೊಳ್ಳುವವರು ಯಾರೂ ಇರಲಿಲ್ಲ. ರಾತ್ರಿಯ ಪಾಳಿಯ ಆಯಾ ತನ್ನ ಹೊತ್ತು ಮುಗಿಯಲು ಹತ್ತು ನಿಮಿಷವಿರುವಾಗಲೂ ಹಾಸಿಗೆಯ ಬಟ್ಟೆ ಬದಲಿಸುತ್ತಿದ್ದಳು. ಬೆಳಗಿನವರು ಬಂದು ಮಾಡುವುದಿಲ್ಲವೆ ಎಂದು ಒಂದು ದಿನ ಕೇಳಿದೆ.

“ಅವರು ಬರೋ ತನಕ ಅಜ್ಜಿ ಒದ್ದೆ ಮೇಲೇ ಮಲಗಿರ್ಬೇಕಾ ಅಣ್ಣಾ?” ಎಂದಳು.

ಪ್ರಶ್ನೆಗೆ ಉತ್ತರವನ್ನೇನೂ ಆಕೆ ಕಾಯಲಿಲ್ಲ. ತೆಗೆದ ಬಟ್ಟೆಯನ್ನು ಸುತ್ತಿಕೊಂಡು ಮುಂದಿನ ಮಂಚದತ್ತ ಹೋದಳು.