ಗೇರ್ ಒಂದನ್ನೇ ನಂಬಬೇಡಿ

2016ರ ಜೂನ್ 19, ಅಮೆರಿಕದ ಲಾಸ್ ಏಂಜಲೀಸ್. 'ಸ್ಟಾರ್ ಟ್ರೆಕ್' ಸಿನಿಮಾಗಳ ನಟ ಆಂಟನ್ ಯೆಲ್ಚಿನ್, ವಯಸ್ಸು ಬರೀ 27. ಮನೆ ಮುಂದಿನ ಇಳಿಜಾರಿನಲ್ಲಿ ಅವರದೇ ಕಾರು ಹಿಂದಕ್ಕೆ ಉರುಳಿ, ಅವರನ್ನು ಇಟ್ಟಿಗೆ ಕಂಬಕ್ಕೆ ಒತ್ತಿ ಪ್ರಾಣ ತೆಗೆಯಿತು. ಗೇರ್ 'ಪಾರ್ಕ್'ಗೆ ಬಿತ್ತೋ ಇಲ್ಲವೋ ಗೊತ್ತಾಗೋದೇ ಕಷ್ಟ ಅಂತ ಆ ಮಾದರಿಯ ಕಾರುಗಳನ್ನು ಎರಡು ತಿಂಗಳ ಮೊದಲೇ ಕಂಪನಿ ರಿಪೇರಿಗೆ ವಾಪಸ್ ಕರೆದಿತ್ತು.

ಅದು ಅಮೆರಿಕ ಅಂತೀರಾ? ಮಡಿಕೇರಿಯ ರಸ್ತೆ, ಬೆಂಗಳೂರಿನ ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನ ದಾರಿ, ಎಲ್ಲಾ ಇಳಿಜಾರೇ. ಕೇಳಿದ್ರೆ, "ಗೇರಲ್ಲೇ ಬಿಟ್ಟಿದೀನಲ್ಲ, ಸಾಕು ಬಿಡಿ ಸಾರ್" ಅಂತಾರೆ.

ಸಾಲಲ್ಲ ಸ್ವಾಮಿ! ಇಂಜಿನಿಯರಿಂಗ್ ಓದಿದವನಾಗಿ ಸರಳವಾಗಿ ಹೇಳ್ತೀನಿ. ಆಟೋಮ್ಯಾಟಿಕ್ ಕಾರನ್ನು 'ಪಿ'ಗೆ ಹಾಕಿದಾಗ ಗೇರ್‌ಬಾಕ್ಸ್ ಒಳಗೆ ಒಂದು ಪುಟ್ಟ ಉಕ್ಕಿನ ಹಲ್ಲು ಚಕ್ರಕ್ಕೆ ಕಚ್ಚಿಕೊಳ್ಳುತ್ತೆ. ಇಳಿಜಾರಿನಲ್ಲಿ ಇಡೀ ಕಾರಿನ ಭಾರ ಅದರ ಮೇಲೆ. ಮ್ಯಾನ್ಯುಯಲ್ ಕಾರನ್ನು ಗೇರಲ್ಲಿ ಬಿಟ್ಟರೆ ತಡೆಯೋದು ಇಂಜಿನ್ನಿನ ಕಂಪ್ರೆಷನ್ ಮಾತ್ರ. ಹ್ಯಾಂಡ್ ಬ್ರೇಕ್ ಹಾಗಲ್ಲ, ಸಾಮಾನ್ಯವಾಗಿ ಹಿಂದಿನ ಎರಡೂ ಚಕ್ರಗಳನ್ನೇ ನೇರವಾಗಿ ಹಿಡಿಯುತ್ತೆ.

ಕ್ರಮ ಇಷ್ಟೇ. ಕಾಲಿನ ಬ್ರೇಕ್ ಒತ್ತಿ, ನ್ಯೂಟ್ರಲ್ ಮಾಡಿ, ಹ್ಯಾಂಡ್ ಬ್ರೇಕ್ ಪೂರ್ತಿ ಎಳೆಯಿರಿ. ನಿಧಾನಕ್ಕೆ ಕಾಲು ಸಡಿಲಿಸಿ, ಕಾರು ಅಲುಗದಿದ್ದರೆ ಮತ್ತೆ ಬ್ರೇಕ್ ಒತ್ತಿ 'ಪಿ'ಗೆ ಹಾಕಿ. ಮ್ಯಾನ್ಯುಯಲ್ ಆದರೆ ಇಂಜಿನ್ ಆಫ್ ಮಾಡಿ, ಮುಂಭಾಗ ಏರಿನ ಕಡೆಗಿದ್ದರೆ ಫಸ್ಟ್ ಗೇರ್, ಇಳಿಜಾರಿನ ಕಡೆಗಿದ್ದರೆ ರಿವರ್ಸ್.

ಸಮತಟ್ಟು ಜಾಗದಲ್ಲೂ ದಿನಾ ಎಳೆಯಿರಿ. ಬಳಸದೇ ಬಿಟ್ಟ ಕೇಬಲ್ ತುಕ್ಕು ಹಿಡಿದು, ಬೇಕಾದ ದಿನವೇ ಕೈಕೊಡಬಹುದು. ನಿಮ್ಮ ಕಾರಿನ ಹಿಂದೆ ಆಟ ಆಡೋ ಮಗುವಿಗೆ ಇದ್ಯಾವುದೂ ಗೊತ್ತಿರಲ್ಲ. ನಿಮಗೆ ಈಗ ಗೊತ್ತು.