ಅಣ್ವಸ್ತ್ರದ ಭಯವೂ ಕೊಟ್ಟ ಭಾಷೆಯೂ

(ಕುಕನೂರಿನ ಮಹೋತ್ಸವ ಸಭೆಯಲ್ಲಿ ಮಾಡಿದ ಉಪನ್ಯಾಸ)



ಮಹೋತ್ಸವದ ಸಭೆಯಲ್ಲಿ ಶಾಸ್ತ್ರವಿಚಾರವನ್ನಾಗಲಿ ಪುರಾತನರ ಚರಿತ್ರೆಯನ್ನಾಗಲಿ ವಿವರಿಸುವದು ರೂಢಿಯು. ಈ ದಿವಸ ನನಗೆ ಅಪ್ಪಣೆಯಾದ ವಿಷಯವಾದರೋ ಅಣ್ವಸ್ತ್ರಗಳದು. ಮಠದ ಪಾಠಶಾಲೆಯಲ್ಲಿ ವ್ಯಾಕರಣವನ್ನೂ ಶಾಸನಗಳನ್ನೂ ಓದಿಕೊಂಡವನಿಗೆ ಅಣುವಿನ ಗೊಡವೆ ಏಕೆಂದು ಕೆಲವರು ಕೇಳಬಹುದು. ವಸ್ತುವಿಜ್ಞಾನವನ್ನು ಬೋಧಿಸುವ ಅಧಿಕಾರವು ನನಗಿಲ್ಲ. ಆದರೆ ಆ ಅಸ್ತ್ರವನ್ನು ಇಟ್ಟುಕೊಳ್ಳುವದಕ್ಕೆ ರಾಷ್ಟ್ರಗಳು ಹೇಳುವ ಕಾರಣವು ವಸ್ತುವಿಗೆ ಸಂಬಂಧಪಟ್ಟದ್ದಲ್ಲ, ಮನುಷ್ಯನ ಮನಸ್ಸಿಗೆ ಸಂಬಂಧಪಟ್ಟದ್ದು. ನಮ್ಮಲ್ಲಿ ಅಸ್ತ್ರವಿದ್ದರೆ ಶತ್ರುವು ಹೆದರುವನು, ಹೆದರಿದವನು ಯುದ್ಧಕ್ಕೆ ಬಾರನು, ಆದುದರಿಂದ ಶಾಂತಿಯು ನಿಲ್ಲುವದು ಎಂಬದೇ ಆ ಕಾರಣವು. ಭಯದಿಂದ ಶಾಂತಿಯು ನಿಲ್ಲುವದೆ, ನಿಂತರೂ ಎಷ್ಟು ಕಾಲ ನಿಲ್ಲುವದು ಎಂಬ ಪ್ರಶ್ನೆಯನ್ನು ವಿಚಾರಿಸುವ ಅಧಿಕಾರವು ಎಲ್ಲರಿಗೂ ಉಂಟು. ಕೃಷ್ಣಾ ತುಂಗಭದ್ರೆಗಳ ನಡುವಣ ಈ ಎಡೆದೊರೆಯ ನಾಡಿನಲ್ಲಿ ಹುಟ್ಟಿದವರಿಗಂತೂ ವಿಶೇಷವಾಗಿ ಉಂಟು. ಎರಡು ಬಲಿಷ್ಠ ರಾಜ್ಯಗಳು ಒಂದನ್ನೊಂದು ಹೆದರಿಸುತ್ತ ಬಾಳಿದರೆ ನಡುವಿನ ಭೂಮಿಗೆ ಏನಾಗುವದೆಂಬದನ್ನು ನಮ್ಮ ಹಿರಿಯರು ತಲೆಮಾರುಗಳ ಕಾಲ ಅನುಭವಿಸಿದ್ದಾರೆ.

ಮೊದಲು ಅಸ್ತ್ರದ ಸ್ವರೂಪವನ್ನು ತಿಳಿಯೋಣ. 1945ನೆಯ ಇಸವಿ ಆಗಸ್ಟ್ 6ರಂದು ಜಪಾನದ ಹಿರೋಶಿಮಾ ನಗರದ ಮೇಲೆಯೂ, 9ರಂದು ನಾಗಾಸಾಕಿಯ ಮೇಲೆಯೂ ಅಮೇರಿಕೆಯವರು ಒಂದೊಂದು ಬಾಂಬನ್ನು ಹಾಕಿದರು. ಆ ವರ್ಷವು ಮುಗಿಯುವದರೊಳಗಾಗಿ ಹಿರೋಶಿಮಾದಲ್ಲಿ ಸುಮಾರು 1,40,000 ಜನರೂ, ನಾಗಾಸಾಕಿಯಲ್ಲಿ ಸುಮಾರು 70,000 ಜನರೂ ಮಡಿದರು. ನಮ್ಮ ಸೀಮೆಯ ಊರೂರುಗಳಲ್ಲಿ ವೀರಗಲ್ಲುಗಳನ್ನು ನೀವು ಕಂಡಿರುವಿರಿ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಿನದರಲ್ಲಿ ಅಪ್ಸರೆಯರು ಕೊಂಡೊಯ್ಯುವ ವೀರ, ಮೇಲಿನದರಲ್ಲಿ ಲಿಂಗದ ಸನ್ನಿಧಿಯಲ್ಲಿ ಕುಳಿತ ವೀರ. ತುರುಗಳಿಗಾಗಿ, ಊರಿಗಾಗಿ, ಎದುರಾಳಿಯ ಮುಖವನ್ನು ನೋಡಿ ಹೋರಾಡಿ ಬಿದ್ದವನ ರೂಪವನ್ನು ಶಿಲ್ಪಿಯು ಕೆತ್ತಿದ ಕಲ್ಲದು. ಹಿರೋಶಿಮಾದಲ್ಲಿಯೂ ಅಂಥದೊಂದು ಕಲ್ಲುಂಟು. ಬೆಳಗಿನ ಹೊತ್ತು ಒಂದು ಬ್ಯಾಂಕಿನ ಮೆಟ್ಟಿಲ ಮೇಲೆ ಕುಳಿತಿದ್ದ ಒಬ್ಬರ ನೆರಳು, ಸ್ಫೋಟದ ಉರಿಯಿಂದ ಆ ಕಲ್ಲಿನಲ್ಲಿಯೇ ಅಚ್ಚೊತ್ತಿ ನಿಂತಿತು. ಆ ಮೆಟ್ಟಿಲನ್ನು ಅಲ್ಲಿಯ ಸ್ಮಾರಕ ಸಂಗ್ರಹಾಲಯದಲ್ಲಿ ಇಟ್ಟಿರುತ್ತಾರೆ. ಆ ಕಲ್ಲಿನಲ್ಲಿ ವೀರನಿಲ್ಲ, ಎದುರಾಳಿಯೂ ಇಲ್ಲ, ಯುದ್ಧವೂ ಇಲ್ಲ. ಬ್ಯಾಂಕಿನ ಬಾಗಿಲು ತೆರೆಯುವದನ್ನು ಕಾಯುತ್ತಿದ್ದ ಒಂದು ಜೀವವಿದ್ದಿತು, ಅಷ್ಟೆ. ಅಣ್ವಸ್ತ್ರಕ್ಕೂ ಹಿಂದಿನ ಆಯುಧಗಳಿಗೂ ಇರುವ ಅಂತರವು ಇದೇ.

ಇಂಥ ಅಸ್ತ್ರಗಳು 1986ರ ಸುಮಾರಿಗೆ ಲೋಕದಲ್ಲಿ 70,000ದಷ್ಟಿದ್ದವು. ಒಡಂಬಡಿಕೆಗಳ ಫಲವಾಗಿ ಬಹಳ ಕಡಿಮೆಯಾಗಿ, 2025ರ ಆರಂಭಕ್ಕೆ ಸುಮಾರು 12,000 ಉಳಿದಿದ್ದವೆಂದು ತಜ್ಞರ ಅಂದಾಜು. ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಅಮೇರಿಕೆಯಲ್ಲಿಯೂ ರಶಿಯದಲ್ಲಿಯೂ ಇರುವವು. ಭಾರತ ಪಾಕಿಸ್ತಾನಗಳಲ್ಲಿ ತಲಾ 170ರಿಂದ 180ರಷ್ಟು ಇರುವವೆಂದು ಎಣಿಕೆಯು.

ಇನ್ನು ಪೂರ್ವಪಕ್ಷ. ಪೂರ್ವಪಕ್ಷವನ್ನು ಅದರ ಪೂರ್ಣ ಬಲದೊಡನೆ ಹೇಳದೆ ಉತ್ತರಕ್ಕೆ ತೊಡಗಬಾರದೆಂಬದು ಪಾಠಶಾಲೆಯ ಕ್ರಮವು. ಅಸ್ತ್ರವಾದಿಗಳು ಹೇಳುವದೇನೆಂದರೆ: 1945ರ ತರುವಾಯ ಯಾವ ರಾಷ್ಟ್ರವೂ ಯುದ್ಧದಲ್ಲಿ ಈ ಅಸ್ತ್ರವನ್ನು ಪ್ರಯೋಗಿಸಲಿಲ್ಲ, ಎರಡು ಮಹಾಯುದ್ಧಗಳನ್ನು ಮೂವತ್ತೊಂದು ವರ್ಷಗಳೊಳಗೆ ಕಂಡ ಲೋಕವು ಆಮೇಲೆ ಮೂರನೆಯದನ್ನು ಕಾಣಲಿಲ್ಲ, ಅದಕ್ಕೆ ಪರಸ್ಪರ ವಿನಾಶದ ಭಯವೇ ಕಾರಣವು. ನಮ್ಮ ದೇಶದ ಪಕ್ಷವೂ ಬಲವಾದದ್ದೇ. 1962ರಲ್ಲಿ ನಮ್ಮೊಡನೆ ಯುದ್ಧ ಮಾಡಿದ ಚೀನವು 1964ರಲ್ಲಿ ಅಣ್ವಸ್ತ್ರವನ್ನು ಪರೀಕ್ಷಿಸಿತು. ನಮ್ಮ ತುಮಕೂರಿನಲ್ಲಿ 1925ರಲ್ಲಿ ಜನಿಸಿದ ರಾಜಾ ರಾಮಣ್ಣನವರ ಮುಂದಾಳುತನದಲ್ಲಿ 1974ನೆಯ ಮೇ 18ರಂದು ಪೋಖರಣದಲ್ಲಿ ಭಾರತದ ಮೊದಲನೆಯ ಪರೀಕ್ಷೆಯಾಯಿತು. 1998ನೆಯ ಮೇ ತಿಂಗಳಿನಲ್ಲಿ ಭಾರತವು ಮತ್ತೆ ಪರೀಕ್ಷೆ ಮಾಡಿತು. ಅದೇ ತಿಂಗಳಿನಲ್ಲಿ ಪಾಕಿಸ್ತಾನವೂ ಮಾಡಿತು. ನೆರೆಯವರಿಬ್ಬರ ಕೈಯಲ್ಲಿ ಇಂಥ ಅಸ್ತ್ರವಿರುವಾಗ ನಾವು ಬರಿಗೈಯಲ್ಲಿರುವದು ವಿವೇಕವೆ ಎಂದು ಕೇಳುವವರನ್ನು ಹಗುರಾಗಿ ತಳ್ಳಿಹಾಕಲಾಗದು. ಗಡಿಯಲ್ಲಿ ಮಗನನ್ನಿಟ್ಟ ತಾಯಿಯು ಈ ಸಭೆಯಲ್ಲಿಯೂ ಇರಬಹುದು. ಆಕೆಯ ಮುಂದೆ ಬರಿಯ ಉಪದೇಶವು ಸಾಲದು.

ಉತ್ತರಕ್ಕಾಗಿ ನಾವು ನಿಂತ ನೆಲವನ್ನೇ ಕೇಳೋಣ. ಬಹಮನಿಯವರೂ ವಿಜಯನಗರದವರೂ ಈ ಎಡೆದೊರೆಗಾಗಿ ಕಾದಾಡಿದರು. ಬಹಮನಿ ರಾಜ್ಯವು ಒಡೆದ ಮೇಲೆ ಬಿಜಾಪುರದ ಆದಿಲಶಾಹಿಯು ಆ ವೈರವನ್ನು ಮುಂದುವರಿಸಿತು. ರಾಯಚೂರು, ಮುದಗಲ್ಲು, ಕೊಪ್ಪಳ, ಆನೆಗೊಂದಿಗಳ ಕೋಟೆಗಳನ್ನು ನೋಡಿರಿ. ಪ್ರತಿಯೊಂದು ಕೊತ್ತಳವೂ ಎದುರಾಳಿಯನ್ನು ಹೆದರಿಸುವದಕ್ಕೆಂದೇ ಎದ್ದದ್ದು. ಒಬ್ಬನು ಕುದುರೆಗಳನ್ನು ಹೆಚ್ಚಿಸಿದರೆ ಇನ್ನೊಬ್ಬನು ಅರಬ ದೇಶದಿಂದ ಕುದುರೆಗಳನ್ನು ತರಿಸಿದನು. ಒಬ್ಬನು ಫಿರಂಗಿಗಳನ್ನು ಇಟ್ಟರೆ ಇನ್ನೊಬ್ಬನು ಪರದೇಶದ ಬಂದೂಕುಗಾರರನ್ನು ಕರೆಸಿದನು. ಭಯವು ಯುದ್ಧವನ್ನು ತಡೆಯುವದಾಗಿದ್ದರೆ ಎಡೆದೊರೆಯು ದಕ್ಷಿಣಾಪಥದಲ್ಲೆಲ್ಲ ಶಾಂತವಾದ ನಾಡಾಗಿರಬೇಕಾಗಿತ್ತು. ಆದರೆ 1520ರಲ್ಲಿ ಕೃಷ್ಣದೇವರಾಯನು ರಾಯಚೂರಿನಲ್ಲಿ ಜಯಿಸಿದ ನಾಲ್ವತ್ತೈದು ವರ್ಷಗಳಿಗೆ, 1565ರಲ್ಲಿ, ಹಂಪೆಯು ಹಾಳಾಯಿತು. ಭಯವು ಕೆಲವು ದಿವಸ ಯುದ್ಧವನ್ನು ಮುಂದೂಡುವದು, ನಿಜ. ಆದರೆ ಮುಂದೂಡಿದ ಯುದ್ಧವು ಬಂದಾಗ ಮೊದಲಿಗಿಂತ ದೊಡ್ಡದಾಗಿಯೇ ಬರುವದು. ಆ ಕಾಲದಲ್ಲಿ ಕೋಟೆಯು ಬಿದ್ದರೂ ನೆಲವು ಉಳಿಯಿತು. ಸುಟ್ಟ ಹೊಲದಲ್ಲಿ ಜೋಳವು ಮತ್ತೆ ಬೆಳೆಯಿತು. ಈಗಿನ ಅಸ್ತ್ರವು ಆ ಎರಡನೆಯ ಅವಕಾಶವನ್ನು ಕೊಡಲಾರದು.

ಭಯವನ್ನು ನಂಬುವವರು ಇನ್ನೊಂದು ಮಾತನ್ನು ಮರೆಯುವರು. ಭಯವು ಕಾಯಬೇಕಾದರೆ ಕಾವಲಿನವನು ಎಂದಿಗೂ ತಪ್ಪಬಾರದು, ಯಂತ್ರವೂ ತಪ್ಪಬಾರದು. 1962ನೆಯ ಅಕ್ಟೋಬರದಲ್ಲಿ ಕ್ಯೂಬಾ ದ್ವೀಪದ ಕಾರಣದಿಂದ ಅಮೇರಿಕೆಯೂ ಸೋವಿಯೆತ್ ರಶಿಯವೂ ಯುದ್ಧದ ಅಂಚಿಗೆ ಬಂದವು. ಆ ತಿಂಗಳ 27ರಂದು, ಸಮುದ್ರದಡಿಯಲ್ಲಿದ್ದ ಒಂದು ಸೋವಿಯೆತ್ ಜಲಾಂತರ್ಗಾಮಿಯ ನಾಯಕನು ಯುದ್ಧವೇ ಆರಂಭವಾಯಿತೆಂದು ಬಗೆದು ಅಣ್ವಸ್ತ್ರದ ಪ್ರಯೋಗಕ್ಕೆ ಸಿದ್ಧನಾದನು. ವಾಸಿಲಿ ಆರ್ಖಿಪೋವ್ ಎಂಬ ಅಧಿಕಾರಿಯು ಒಪ್ಪದೆ ತಡೆದನು. 1983ನೆಯ ಸೆಪ್ಟೆಂಬರ 26ರಂದು, ಅಮೇರಿಕೆಯಿಂದ ಐದು ಕ್ಷಿಪಣಿಗಳು ಬರುತ್ತಿರುವವೆಂದು ಸೋವಿಯೆತ್ ಉಪಗ್ರಹವು ಸೂಚಿಸಿತು. ಕಾವಲಿನಲ್ಲಿದ್ದ ಸ್ತಾನಿಸ್ಲಾವ್ ಪೆತ್ರೋವ್ ಎಂಬವನು ಇದು ಸುಳ್ಳು ಸೂಚನೆಯೆಂದು ನಿರ್ಣಯಿಸಿದನು. ಮೋಡದ ಮೇಲೆ ಬಿದ್ದ ಸೂರ್ಯನ ಬೆಳಕನ್ನು ಯಂತ್ರವು ಕ್ಷಿಪಣಿಯ ಉರಿಯೆಂದು ಬಗೆದಿತ್ತು. ನಮ್ಮ ಸಮೀಪದ ಉದಾಹರಣೆಯೂ ಉಂಟು. 2022ನೆಯ ಮಾರ್ಚ್ 9ರಂದು ನಮ್ಮ ದೇಶದ ಒಂದು ಬ್ರಹ್ಮೋಸ್ ಕ್ಷಿಪಣಿಯು ಪ್ರಮಾದದಿಂದ ಹಾರಿ ಪಾಕಿಸ್ತಾನದ ಮಿಯಾಂ ಚನ್ನು ಎಂಬಲ್ಲಿ ಬಿದ್ದಿತು. ಅದರಲ್ಲಿ ಅಣ್ವಸ್ತ್ರವಿರಲಿಲ್ಲ, ಯಾರೂ ಸಾಯಲಿಲ್ಲ. ನಮ್ಮ ಸರಕಾರವು ವಿಷಾದವನ್ನು ಪ್ರಕಟಿಸಿತು; ಮೂವರು ವಾಯುಸೇನೆಯ ಅಧಿಕಾರಿಗಳನ್ನು ಸೇವೆಯಿಂದ ತೆಗೆಯಿತು. ಅದೇ ಪ್ರಮಾದವು ಎರಡೂ ಸೇನೆಗಳು ಗಡಿಯಲ್ಲಿ ಎದುರುಬದರಾಗಿ ನಿಂತ ದಿವಸ ಆಗಿದ್ದರೆ? ಕೆಲವೇ ನಿಮಿಷಗಳಲ್ಲಿ ಮುಟ್ಟುವ ಅಸ್ತ್ರದ ಬಗ್ಗೆ ವಿಚಾರ ಮಾಡುವದಕ್ಕೆ ಎದುರಿನವನಿಗೆ ಎಷ್ಟು ವೇಳೆ ಸಿಕ್ಕುತ್ತಿತ್ತು? ಈ ಎಲ್ಲ ಸಂದರ್ಭಗಳಲ್ಲಿ ಲೋಕವನ್ನು ಉಳಿಸಿದ್ದು ಭಯವಲ್ಲ. ಭಯದ ನಡುವೆಯೂ ವಿವೇಕವನ್ನು ಬಿಡದವರು ಉಳಿಸಿದರು.

ದಿಲ್ಲಿ ಲಾಹೋರಗಳಿಗೆ ಬರುವ ವಿಪತ್ತಿನಿಂದ ಕುಕನೂರಿಗೇನೆಂದು ಕೇಳುವವರಿದ್ದಾರೆ. ನಗರಗಳು ಉರಿದರೆ ಏಳುವ ಮಸಿಯು ಮೋಡಗಳಿಗಿಂತ ಮೇಲಕ್ಕೆ ಹೋಗಿ, ಮಳೆಯಿಂದ ತೊಳೆಯಲ್ಪಡದೆ, ವರ್ಷಗಟ್ಟಲೆ ಬಿಸಿಲನ್ನು ತಡೆಯುವದೆಂದು ವಿಜ್ಞಾನಿಗಳು ಗಣಿಸಿದ್ದಾರೆ. ಭೂಮಿಯು ತಂಪಾಗುವದು, ಮಳೆಯು ಕುಗ್ಗುವದು. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಭಾರತ ಪಾಕಿಸ್ತಾನಗಳ ನಡುವೆ ಅಣುಯುದ್ಧವಾದರೆ ಅದರ ಹಿಂದಿನಿಂದ ಬರುವ ಕ್ಷಾಮದಲ್ಲಿ ಲೋಕದಲ್ಲೆಲ್ಲ 200 ಕೋಟಿಗಿಂತ ಹೆಚ್ಚು ಜನರು ಸಾಯಬಹುದು. ಅಮೇರಿಕ ರಶಿಯಗಳ ನಡುವೆಯಾದರೆ 500 ಕೋಟಿಗಿಂತ ಹೆಚ್ಚು. ಎರೆಹೊಲದ ಬಿಳಿಜೋಳವನ್ನೂ ಕಡಲೆಯನ್ನೂ ನಂಬಿದ ನಮಗೆ ಒಂದು ಹಿಂಗಾರು ತಪ್ಪಿದರೆ ಏನಾಗುವದೆಂದು ಯಾರೂ ಹೇಳಿಕೊಡಬೇಕಾಗಿಲ್ಲ. 1791-92ರ ಡೋಗಿ ಬರದ ಹೆಸರು ಇನ್ನೂ ಜನರ ಬಾಯಲ್ಲಿರುವದು. ಹೂಳುವವರಿಲ್ಲದೆ ಬಯಲಲ್ಲಿ ಬಿದ್ದ ತಲೆಬುರುಡೆಗಳಿಂದ ಬಂದ ಹೆಸರದು. 1876-78ರ ಬರವೂ ಈ ಸೀಮೆಯನ್ನು ಬರಿದು ಮಾಡಿತು. ಆ ಬರಗಳಲ್ಲಿ ಬೇರೆ ಸೀಮೆಯಿಂದ ಕಾಳು ಬರುವ ಆಸೆಯಾದರೂ ಇತ್ತು. ಲೋಕಕ್ಕೆಲ್ಲ ಬರ ಬಂದರೆ ಯಾವ ಸೀಮೆಯ ಕಡೆಗೆ ಗಾಡಿ ಹೂಡುವದು? ಊರೂರಿನ ಮಠಗಳಲ್ಲಿ ದಾಸೋಹದ ಒಲೆಯು ಆರದೆ ಉರಿಯಬೇಕೆಂದು ಹರಸುವ ನಾವು, ಆ ಒಲೆಯನ್ನು ಒಂದೇ ಬಾರಿಗೆ ಆರಿಸಬಲ್ಲ ಈ ವಿಪತ್ತನ್ನು ಕುರಿತು ಮೌನವಾಗಿರುವದು ಯುಕ್ತವಲ್ಲ.

ಹಾಗಾದರೆ ದಾರಿ ಯಾವದು? ಅದನ್ನೂ ಎಡೆದೊರೆಯೇ ತೋರಿಸಿರುವದು. 1366ರ ಸುಮಾರಿನಲ್ಲಿ ಮುದಗಲ್ಲಿನ ಕಾರಣದಿಂದ ಬಹಮನಿ ಸುಲ್ತಾನ ಮೊದಲನೆಯ ಮಹಮ್ಮದಶಹನಿಗೂ ವಿಜಯನಗರದವರಿಗೂ ಘೋರವಾದ ಯುದ್ಧವಾಯಿತು. ಮುದಗಲ್ಲಿನೊಳಗಿದ್ದವರು ಹತರಾದರು, ಅದರ ಸೇಡಿಗೆ ಸುಲ್ತಾನನು ನಿರಾಯುಧರಾದ ಪ್ರಜೆಗಳನ್ನು ಕೊಲ್ಲಿಸಿದನು. ಕೊನೆಗೆ ವಿಜಯನಗರದ ರಾಯಭಾರಿಗಳು ಹೋಗಿ, ನಾವಿಬ್ಬರೂ ನೆರೆಯವರಾಗಿಯೇ ಉಳಿಯತಕ್ಕವರು, ಇನ್ನು ಮುಂದೆ ನಿರಾಯುಧರನ್ನು ಕೊಲ್ಲದಿರುವ ಭಾಷೆಯಾಗಲಿ ಎಂದು ಕೇಳಿಕೊಂಡರೆಂದೂ, ಸುಲ್ತಾನನು ಹಾಗೆಯೇ ಆಣೆಯಿಟ್ಟು ತನ್ನ ಸಂತತಿಯವರನ್ನೂ ಕಟ್ಟುಮಾಡಿದನೆಂದೂ, ಅಂದಿನಿಂದ ಅದು ದಖ್ಖನದ ಪದ್ಧತಿಯಾಯಿತೆಂದೂ ಇತಿಹಾಸಕಾರನಾದ ಫೆರಿಷ್ತಾನು ಬರೆದಿರುವನು. ಅವನು ಕೊಡುವ ಸಂಖ್ಯೆಗಳು ಅತಿಶಯವೆನ್ನುವವರುಂಟು. ಆ ಭಾಷೆಯು ಯುದ್ಧಗಳನ್ನು ನಿಲ್ಲಿಸಲಿಲ್ಲ, ಹಂಪೆಯನ್ನೂ ಉಳಿಸಲಿಲ್ಲ. ಆದರೂ ಬದ್ಧವೈರಿಗಳಾದವರು ಸ್ನೇಹವಿಲ್ಲದೆಯೂ ಒಂದು ಮೇರೆಯನ್ನು ಒಪ್ಪಬಲ್ಲರೆಂಬದಕ್ಕೆ ಅದು ಸಾಕ್ಷಿಯು.

ಆ ಬಗೆಯ ಭಾಷೆಯು ಈ ಕಾಲದಲ್ಲಿಯೂ ಉಂಟು. 1988ನೆಯ ಡಿಸೆಂಬರ 31ರಂದು ಭಾರತ ಪಾಕಿಸ್ತಾನಗಳು ಒಬ್ಬರ ಅಣುಸ್ಥಾವರಗಳ ಮೇಲೆ ಇನ್ನೊಬ್ಬರು ದಾಳಿ ಮಾಡಬಾರದೆಂದು ಒಪ್ಪಂದ ಮಾಡಿಕೊಂಡವು. 1992ರಿಂದ ಪ್ರತಿ ವರ್ಷ ಜನವರಿ 1ರಂದು ತಮ್ಮ ತಮ್ಮ ಸ್ಥಾವರಗಳ ಪಟ್ಟಿಗಳನ್ನು ಪರಸ್ಪರ ಕೊಡುತ್ತ ಬಂದಿರುವವು. 1999ರ ಕಾರ್ಗಿಲ್ ಯುದ್ಧದ ಮರುವರ್ಷವೂ ಅದು ತಪ್ಪಲಿಲ್ಲ. ಕಾಳಿ ನದಿಯ ದಡದ ಕೈಗಾದಲ್ಲಿ ಅಣುವಿದ್ಯುತ್ತಿನ ನಾಲ್ಕು ಘಟಕಗಳನ್ನು ಇಟ್ಟುಕೊಂಡ ಕನ್ನಡಿಗರಿಗೆ ಈ ಒಪ್ಪಂದದ ಬೆಲೆಯು ಎಷ್ಟೆಂದು ಹೇಳಬೇಕಾಗಿಲ್ಲ. ತಾನಾಗಿ ಮೊದಲು ಅಣ್ವಸ್ತ್ರವನ್ನು ಪ್ರಯೋಗಿಸುವದಿಲ್ಲವೆಂದು ಭಾರತವು 2003ನೆಯ ಜನವರಿ 4ರಂದು ತನ್ನ ನೀತಿಯನ್ನು ಪ್ರಕಟಿಸಿತು. ಇದೂ ಒಂದು ಭಾಷೆಯೇ. ಇದನ್ನು ಸಡಿಲಿಸಬೇಕೆಂಬ ಮಾತು ಆಗಾಗ ಕೇಳಿಬರುವದು. ಸಡಿಲಿಸಬಾರದೆಂಬದು ನನ್ನ ಅಭಿಪ್ರಾಯವು.

ಭಾಷೆ ಕೊಡುವದು ಬಲಹೀನನ ಲಕ್ಷಣವೆನ್ನುವವರಿಗೆ ಕೊಪ್ಪಳದ ಬಂಡೆಗಳನ್ನು ತೋರಿಸುವೆನು. ಅಲ್ಲಿಯ ಗವಿಮಠದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಅಶೋಕನ ಶಾಸನಗಳಿರುವವು. ಆ ಚಕ್ರವರ್ತಿಯು ಕಳಿಂಗವನ್ನು ಗೆದ್ದ ಮೇಲೆ, ಅಲ್ಲಿ ಲಕ್ಷ ಜನರು ಹತರಾದರೆಂದೂ ಒಂದೂವರೆ ಲಕ್ಷ ಜನರು ಸೆರೆಹೋದರೆಂದೂ, ಅದಕ್ಕಾಗಿ ತಾನು ಪಶ್ಚಾತ್ತಾಪಪಡುವೆನೆಂದೂ ತನ್ನ ಹದಿಮೂರನೆಯ ಶಿಲಾಶಾಸನದಲ್ಲಿ ತಾನೇ ಬರೆಸಿದನು. ಸೋತವನು ಅಳುವದು ಲೋಕದಲ್ಲಿ ಸಹಜವು. ಗೆದ್ದವನು ಅತ್ತದ್ದು ಅಪೂರ್ವವು. ಆದರೂ ಅವನು ಸೇನೆಯನ್ನು ವಿಸರ್ಜಿಸಲಿಲ್ಲ. ಪಶ್ಚಾತ್ತಾಪಪಟ್ಟವನಾದರೂ ತನಗೆ ಶಕ್ತಿಯುಂಟೆಂದು ಅಡವಿಯ ಜನರಿಗೆ ಅದೇ ಶಾಸನದಲ್ಲಿ ಎಚ್ಚರಿಕೆ ಕೊಟ್ಟನು. ಶಕ್ತಿಯಿದ್ದೂ ಅದಕ್ಕೆ ಮೇರೆಯನ್ನಿಡುವದು ಸಾಧ್ಯವೆಂಬದನ್ನು ಅವನಿಂದ ಕಲಿಯೋಣ. ಭಾರತವು ನಾಳೆಯೇ ತನ್ನ ಅಸ್ತ್ರಗಳನ್ನು ಸಮುದ್ರಕ್ಕೆ ಹಾಕಲೆಂದು ನಾನು ಹೇಳಲಾರೆನು. ಮೊದಲ ಪ್ರಯೋಗವಿಲ್ಲವೆಂಬ ಭಾಷೆಯನ್ನು ಎಲ್ಲ ರಾಷ್ಟ್ರಗಳೂ ಕೊಡಲಿ. ಯುದ್ಧದ ದಿವಸಗಳಲ್ಲಿಯೂ ಪರಸ್ಪರ ಮಾತನಾಡುವ ದಾರಿಯು ಮುಚ್ಚದಿರಲಿ. ಅಸ್ತ್ರಗಳ ಸಂಖ್ಯೆಯು ಎಲ್ಲರಲ್ಲಿಯೂ ಕೂಡಿ ಇಳಿಯುತ್ತ ಇಲ್ಲದಂತಾಗಲಿ. ಅಣ್ವಸ್ತ್ರವನ್ನೇ ನಿಷೇಧಿಸುವ ಒಡಂಬಡಿಕೆಗೆ 2017ರಲ್ಲಿ 122 ರಾಷ್ಟ್ರಗಳು ಮತ ಕೊಟ್ಟವು. 2021ರಲ್ಲಿ ಅದು ಜಾರಿಗೆ ಬಂದಿತು. ಅಸ್ತ್ರವುಳ್ಳ ಒಂಬತ್ತು ರಾಷ್ಟ್ರಗಳಲ್ಲಿ ಒಂದೂ ಅದಕ್ಕೆ ಸೇರಿಲ್ಲ. 70,000 ಇದ್ದದ್ದು 12,000ಕ್ಕೆ ಇಳಿದದ್ದು ಮಾತಿನಿಂದಲೇ. ಉಳಿದದ್ದೂ ಮಾತಿನಿಂದಲೇ ಇಳಿಯಬೇಕು.

ನಮ್ಮಂಥವರು ಮಾಡತಕ್ಕದ್ದೇನು? 2025ನೆಯ ಏಪ್ರಿಲ್ 22ರಂದು ಪಹಲ್‌ಗಾಮದಲ್ಲಿ 26 ಜನರನ್ನು ಕೊಂದ ಮೇಲೆ, ಮೇ 7ರಿಂದ 10ರ ವರೆಗೆ ಎರಡೂ ದೇಶಗಳ ಸೇನೆಗಳು ಹೊಡೆದಾಡಿದವು. ಹತರಾದವರಲ್ಲಿ ಕನ್ನಡ ನಾಡಿನವರೂ ಇದ್ದರು. ಜನರ ಸಿಟ್ಟು ನ್ಯಾಯವಾದದ್ದೇ. ಆದರೆ ಆ ದಿವಸಗಳಲ್ಲಿ ಕಟ್ಟೆಗಳ ಮೇಲೆಯೂ ಚಹದಂಗಡಿಗಳಲ್ಲಿಯೂ, ಒಂದು ಅಣುಬಾಂಬು ಹಾಕಿ ಮುಗಿಸಿಬಿಡಲಿ ಎಂಬ ಮಾತು ಹಗುರಾಗಿ ಹೊರಟಿತು. ಅಪರಾಧಿಯ ದಂಡನೆಯೇ ಬೇರೆ, ತೊಟ್ಟಿಲ ಕೂಸುಗಳಿರುವ ಊರನ್ನು ಸುಡುವದೇ ಬೇರೆ. ಪ್ರಜೆಗಳ ನಾಲಗೆಯಲ್ಲಿ ಹಗುರಾದದ್ದು ಪ್ರಭುಗಳ ಕೈಯಲ್ಲಿಯೂ ಹಗುರಾಗುವದು. ಆ ಮಾತನ್ನು ಆಡದಿರುವದು, ಆಡುವವರಿಗೆ ಹಿರೋಶಿಮಾದ ಮೆಟ್ಟಿಲನ್ನೂ ಡೋಗಿ ಬರವನ್ನೂ ನೆನಪಿಸುವದು, ಮತ ಕೇಳಲು ಬಂದವರನ್ನು ಈ ವಿಷಯದಲ್ಲಿ ನಿಮ್ಮ ನಿಲುವೇನೆಂದು ಕೇಳುವದು: ಇಷ್ಟು ಕುಕನೂರಿನಲ್ಲಿದ್ದುಕೊಂಡೇ ಮಾಡಬಹುದಾದ ಕೆಲಸವು.

ಇಲ್ಲಿಗೆ ಸಮೀಪದ ಇಟಗಿಯ ಮಹಾದೇವ ದೇವಾಲಯವನ್ನು 1112ರಲ್ಲಿ ಕಟ್ಟಿಸಿದವನು ಆರನೆಯ ವಿಕ್ರಮಾದಿತ್ಯನ ದಂಡನಾಯಕನು. ಖಡ್ಗವನ್ನು ಹಿಡಿದೇ ಬಾಳಿದವನವನು. ಅವನು ಗೆದ್ದ ಕಾಳಗಗಳನ್ನು ಇಂದು ಯಾರೂ ಎಣಿಸುವದಿಲ್ಲ. ಅವನು ನಿಲ್ಲಿಸಿದ ಕಂಬಗಳನ್ನು ದೂರದೂರದಿಂದ ಬಂದು ನೋಡುವರು. ಒಂಬತ್ತು ನೂರು ವರ್ಷ ನಿಂತ ಆ ಕಲ್ಲನ್ನು ನೋಡುವದಕ್ಕೆ ಮುಂದೆಯೂ ಕಣ್ಣುಗಳಿರಲಿ, ಎರೆಹೊಲಕ್ಕೆ ಹಿಂಗಾರು ತಪ್ಪದಿರಲಿ, ಪ್ರಭುಗಳಿಗೆ ಕೊಟ್ಟ ಭಾಷೆಯನ್ನು ಉಳಿಸಿಕೊಳ್ಳುವ ಬುದ್ಧಿಯು ಬರಲಿ ಎಂದು ಪ್ರಾರ್ಥಿಸುವೆನು.